ಹಿಂದೆ ಹಿಂದೆ ಬರ್ತಿದ್ದ ಪಿಕಾಚು

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2005ನೇ ಇಸವಿ. ನನಗಾಗ ಎಂಟು ವರ್ಷ. ಅಮೆರಿಕದಲ್ಲಿದ್ದ ದೊಡ್ಡಪ್ಪನ ಮಗ ಶಿವಮೊಗ್ಗದ ನಮ್ಮ ಮನೆಗೆ ರಜೆಗೆ ಬಂದಿದ್ದ. ಅವನ ಹತ್ರ ಒಂದು ಗೇಮ್ ಬಾಯ್ ಕಲರ್ ಇತ್ತು. ಅದರಲ್ಲಿ ಹಳದಿ ಬಣ್ಣದ ಕಾರ್ಟ್ರಿಜ್, ಪೋಕೆಮಾನ್ ಯೆಲ್ಲೋ. ನಾವೆಲ್ಲ ಟಿವಿಯಲ್ಲಿ ಹಿಂದಿಯಲ್ಲಿ ಪೋಕೆಮಾನ್ ನೋಡಿದ್ದವರೇ, ಆದರೆ ಆಟ ಆಡಿದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ವಾಪಸ್ ಹೊರಡೋ ದಿನ ಅಣ್ಣ ಅದನ್ನ ನನ್ನ ಕೈಗಿಟ್ಟು, "ನಿನಗೇ ಇರ್ಲಿ ಕಣೋ. ಆದ್ರೆ ನನ್ನ ಪಿಕಾಚು ಜೋಪಾನ" ಅಂದ.

ಆ ಪಿಕಾಚು ಒಂದು ವಾರವೂ ಉಳಿಯಲಿಲ್ಲ. ಏನಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಆ ಹಳದಿ ಪ್ರಾಣಿ ಅಲ್ಲಿಗೆ ಹೇಗೆ ಬಂತು ಅಂತ ನೋಡೋಣ.

ಗೇಮ್ ಬಾಯ್ ಜಪಾನ್‌ನಲ್ಲಿ ಬಿಡುಗಡೆಯಾಗಿದ್ದು 1989ರ ಏಪ್ರಿಲ್ 21ರಂದು. ಅದರ ಹಿಂದಿದ್ದವರು ನಿಂಟೆಂಡೋ ಕಂಪನಿಯ ಗುನ್ಪೇ ಯೊಕೊಯ್. ಹಳೆಯದಾಗಿ ಅಗ್ಗವಾಗಿರೋ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಅನ್ನೋದು ಅವರ ಸೂತ್ರ. ಹಾಗಾಗಿ ಸ್ಕ್ರೀನ್‌ನಲ್ಲಿ ಬಣ್ಣ ಇಲ್ಲ, ನಾಲ್ಕೇ ನಾಲ್ಕು ಛಾಯೆ. ಬೇರೆ ಕಂಪನಿಗಳು ಬಣ್ಣದ ಸ್ಕ್ರೀನ್ ತಂದವು, ಆದರೆ ಅವು ಬ್ಯಾಟರಿಯನ್ನ ಗಬಗಬ ತಿಂದುಬಿಡ್ತಿದ್ದವು. ಯೊಕೊಯ್ ಯಂತ್ರ ಬಾಳಿಕೆ ಬಂತು.

ಆ ಯಂತ್ರಕ್ಕೆ ಏಳು ವರ್ಷ ತುಂಬುವ ಹೊತ್ತಿಗೆ, ಅಂದರೆ 1996ರ ಫೆಬ್ರವರಿ 27ರಂದು, ಪೋಕೆಮಾನ್ ರೆಡ್ ಮತ್ತು ಗ್ರೀನ್ ಬಂದವು. ಇದನ್ನ ಕಟ್ಟಿದವರು ಸತೋಷಿ ತಜಿರಿ ಮತ್ತು ಅವರ ಗೇಮ್ ಫ್ರೀಕ್ ತಂಡ. ತಜಿರಿ ಚಿಕ್ಕಂದಿನಲ್ಲಿ ಟೋಕಿಯೊ ಹೊರವಲಯದ ಮಚಿದಾದಲ್ಲಿ ಹುಳು ಹಿಡಿದುಕೊಂಡು ಓಡಾಡ್ತಿದ್ದ ಹುಡುಗ. ಊರು ಬೆಳೆದಂತೆ ಹುಳುಗಳಿದ್ದ ಜಾಗವೆಲ್ಲ ಕಟ್ಟಡ ಆಯ್ತು. ಎರಡು ಗೇಮ್ ಬಾಯ್‌ಗಳನ್ನ ಜೋಡಿಸೋ ಕೇಬಲ್ ನೋಡಿದಾಗ, ಇದರೊಳಗೆ ಒಂದು ಹುಳು ಆ ಕಡೆಯಿಂದ ಈ ಕಡೆಗೆ ಹರಿದು ಹೋದರೆ ಹೇಗಿರುತ್ತೆ ಅಂತ ಅವರಿಗೆ ಹೊಳೀತಂತೆ. ಆ ಯೋಚನೆ ಆಟವಾಗಿ ಮುಗಿಯೋಕೆ ಸುಮಾರು ಆರು ವರ್ಷ ಹಿಡೀತು.

ಇಲ್ಲೊಂದು ಸ್ವಾರಸ್ಯ ಇದೆ. ಆ ಮೊದಲ ಆಟದಲ್ಲಿ ಪಿಕಾಚು ದೊಡ್ಡ ಪಾತ್ರವೇ ಅಲ್ಲ. ಅತ್ಸುಕೊ ನಿಶಿದಾ ಅನ್ನೋ ಕಲಾವಿದೆ ಬಿಡಿಸಿದ, 151 ಜೀವಿಗಳ ಪಟ್ಟಿಯಲ್ಲಿ 25ನೇ ನಂಬರು, ಅಷ್ಟೇ. ಶುರುವಿನಲ್ಲಿ ಆರಿಸಿಕೊಳ್ಳೋಕೆ ಕೊಡುವ ಮೂರರಲ್ಲಿ ಅದು ಇರಲೇ ಇಲ್ಲ. ಕಾಡಿನ ಹುಲ್ಲಲ್ಲಿ ಸುತ್ತಿದರೆ ಅಪರೂಪಕ್ಕೆ ಸಿಗ್ತಿತ್ತು.

1997ರ ಏಪ್ರಿಲ್ 1ರಂದು ಜಪಾನ್ ಟಿವಿಯಲ್ಲಿ ಕಾರ್ಟೂನ್ ಶುರುವಾಯ್ತು. ಅದರಲ್ಲಿ ನಾಯಕನ ಜೊತೆಗಾರನಾಗಿ ಬಂದಿದ್ದು ಪಿಕಾಚು. ಚೆಂಡಿನೊಳಗೆ ಹೋಗಲ್ಲ ಅಂತ ಹಟ ಮಾಡುವ ಪಿಕಾಚು, ಇಕುಯೆ ಒಟಾನಿ ಅವರ ದನಿಯಲ್ಲಿ. ಮಕ್ಕಳು ಮನಸೋತರು. ಆಮೇಲೆ ಗಾಡಿ ಉಲ್ಟಾ ಹೊಡೀತು: ಆಟದಿಂದ ಹುಟ್ಟಿದ ಕಾರ್ಟೂನನ್ನ ನೋಡಿಕೊಂಡು ಮತ್ತೆ ಆಟ ಮಾಡಿದರು. ಅದೇ ಯೆಲ್ಲೋ. ಜಪಾನ್‌ನಲ್ಲಿ 1998ರ ಸೆಪ್ಟೆಂಬರ್ 12ರಂದು ಬಂತು, ಅಮೆರಿಕದಲ್ಲಿ 1999ರ ಅಕ್ಟೋಬರ್‌ನಲ್ಲಿ.

ಯೆಲ್ಲೋದಲ್ಲಿ ಆಯ್ಕೆ ಇಲ್ಲ, ಸಿಗೋದು ಪಿಕಾಚು ಒಂದೇ. ಅದು ಚೆಂಡಿನೊಳಗೆ ಕೂರಲ್ಲ. ನೀವು ಎಲ್ಲಿ ಹೋದರೂ ಹಿಂದೆ ಹಿಂದೆ ಬರುತ್ತೆ. ತಿರುಗಿ ನಿಂತು ಮಾತಾಡಿಸಿದರೆ ಅದರ ಮುಖ ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣುತ್ತೆ. ಒಮ್ಮೆ ನಗುತ್ತೆ, ಒಮ್ಮೆ ಮುನಿಸಿಕೊಂಡು ಮುಖ ತಿರುಗಿಸುತ್ತೆ. ಆ ಪುಟ್ಟ ಸ್ಪೀಕರ್‌ನಿಂದ ಒಟಾನಿ ಅವರ ದನಿ ಕರಕರ ಅಂತ ಬರುತ್ತೆ.

ಇದೆಲ್ಲದರ ಹಿಂದೆ ಇದ್ದಿದ್ದು ಒಂದೇ ಒಂದು ಸಂಖ್ಯೆ, 0ಯಿಂದ 255ರವರೆಗೆ. ಬಿಕಾಂ ಓದಿದ ನನಗೆ ಇದು ಥೇಟ್ ಖಾತೆ ಪುಸ್ತಕದ ಹಾಗೆ ಕಾಣುತ್ತೆ. ಆರಂಭದ ಬಾಕಿ 90. ಜೊತೆಯಲ್ಲಿ ನಡೆದರೆ ಜಮಾ. ಔಷಧಿ ಹಾಕಿದರೆ ಜಮಾ. ಕಾಳಗದಲ್ಲಿ ಮೂರ್ಛೆ ಬೀಳೋಕೆ ಬಿಟ್ಟರೆ ಖರ್ಚು. ಕಂಪ್ಯೂಟರ್‌ನಲ್ಲಿ ಬಿಟ್ಟು ಹೋದರೆ ಖರ್ಚು. ಆದರೆ ಬಾಕಿ ಎಷ್ಟಿದೆ ಅಂತ ಆಟ ಯಾವತ್ತೂ ತೋರಿಸಲ್ಲ. ಮುಖ ನೋಡಿಯೇ ತಿಳ್ಕೋಬೇಕು. ಮನೆಯವರ ವಿಷಯದಲ್ಲೂ ನಾವು ಮಾಡೋದು ಅದನ್ನೇ ಅಲ್ವಾ? ಅದಕ್ಕೇ ಅದು ನಿಜ ಅನ್ನಿಸ್ತಿತ್ತು.

ಈಗ ನನ್ನ ತಪ್ಪಿಗೆ ಬರ್ತೀನಿ. ಆ ಕಾರ್ಟ್ರಿಜ್‌ನಲ್ಲಿ ಒಬ್ಬರ ಆಟ ಮಾತ್ರ ಸೇವ್ ಆಗುತ್ತೆ. ನನಗೆ ಮೊದಲಿಂದ ಆಡೋ ಆಸೆ. ಹೊಸ ಆಟ ಒತ್ತಿದೆ. ಸೇವ್ ಮಾಡುವಾಗ, ಹಳೆಯದು ಅಳಿಸಿಹೋಗುತ್ತೆ ಅಂತ ಅದು ಇಂಗ್ಲಿಷ್‌ನಲ್ಲಿ ಎಚ್ಚರಿಸಿತ್ತು. ಓದುವ ತಾಳ್ಮೆ ಯಾರಿಗಿತ್ತು? ಯೆಸ್ ಒತ್ತಿದೆ. ಎರಡು ವರ್ಷ ಅಣ್ಣನ ಹಿಂದೆ ನಡೆದಿದ್ದ ಪಿಕಾಚು ಅಲ್ಲಿಗೆ ಮುಗೀತು. ನನ್ನ ಹಿಂದೆ ಬಂದಿದ್ದು ಹೊಸ ಪಿಕಾಚು, ಅದಕ್ಕೆ ನಾನು ಅಷ್ಟಕ್ಕಷ್ಟೇ. ಆಗಿದ್ದೇನು ಅಂತ ಅರ್ಥವಾದ ಮೇಲೆ ಅಣ್ಣ ಫೋನ್ ಮಾಡಿದಾಗೆಲ್ಲ ನಾನು ಬಚ್ಚಲಮನೆ ಸೇರ್ಕೋತಿದ್ದೆ.

ಹೋದ ತಿಂಗಳು ಅಣ್ಣ ಒಂದು ಮದುವೆಗೆ ಬಂದಿದ್ದ. ರಾತ್ರಿ ಊಟ ಆದ ಮೇಲೆ, "ಆ ಗೇಮ್ ಬಾಯ್ ಇನ್ನೂ ಇದೆಯೇನೋ?" ಅಂದ. ಅಟ್ಟದಿಂದ ಇಳಿಸಿದೆ, ಎರಡು ಪೆನ್ಸಿಲ್ ಸೆಲ್ ಹಾಕಿದೆ, ಆನ್ ಮಾಡುವ ಮೊದಲು ಎಲ್ಲ ಹೇಳಿಬಿಟ್ಟೆ. ಅವನು ಏನೂ ಮಾತಾಡದೆ ಸ್ವಿಚ್ ತಳ್ಳಿದ. ಸ್ಕ್ರೀನ್‌ನಲ್ಲಿ ನನ್ನ ಆಟವೂ ಇರಲಿಲ್ಲ.

ಕಾರಣ ಸರಳ. ಆ ಕಾರ್ಟ್ರಿಜ್‌ನಲ್ಲಿ ನೆನಪು ಉಳಿಯೋದು ಒಳಗಿರೋ ಒಂದು ಬಿಲ್ಲೆ ಸೆಲ್‌ನಿಂದ, ಕೈಗಡಿಯಾರದಲ್ಲಿ ಇರುತ್ತಲ್ಲ, ಆ ಥರದ್ದು. ಸೆಲ್‌ಗೂ ಒಂದು ಆಯಸ್ಸು ಇರುತ್ತೆ. ಅದು ತೀರಿದರೆ ಸೇವ್ ಮಾಡಿದ್ದೆಲ್ಲ ಹೋಗುತ್ತೆ.

"ನೀನು ಅಳಿಸದೇ ಇದ್ರೂ ನಂದೂ ಹೋಗ್ತಿತ್ತು ಬಿಡೋ" ಅಂತ ಅಣ್ಣ ನಕ್ಕ. ಒಂದು ಕ್ಷಣ ಬಿಟ್ಟು, "ಅವತ್ತೇ ಹೇಳಿದ್ರೆ ನಿನ್ನ ಬೈದು ಮರ್ತುಬಿಡ್ತಿದ್ದೆ" ಅಂದ.

ಅಣ್ಣ ಹೊಸ ಆಟ ಒತ್ತಿದ. ಸೇವ್ ಆಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ರಾತ್ರಿ ಎರಡು ಗಂಟೆವರೆಗೆ, ಬದಲಿಸಿ ಬದಲಿಸಿ ಆಡಿದ್ವಿ. ಆಫ್ ಮಾಡುವ ಮೊದಲು ಅಣ್ಣ ಒಮ್ಮೆ ತಿರುಗಿ ನಿಂತು ಪಿಕಾಚುವನ್ನ ಮಾತಾಡಿಸಿದ. ಅದು ನಗ್ತಿತ್ತು.

ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೇನಾದ್ರೂ ಇದ್ದರೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.