ನಂಜು

ತಮಿಳು, ಮಲಯಾಳಗಳಲ್ಲೂ ಬಳಕೆಯಲ್ಲಿರುವ ‘ನಂಜು’ ಅಚ್ಚ ದ್ರಾವಿಡ ಪದ. ಸಂಸ್ಕೃತದಿಂದ ಬಂದ ‘ವಿಷ’ದ ನಂಟು ಬೇರೆ ಕಡೆಗಿದೆ: ಲ್ಯಾಟಿನ್ನಿನ ‘ವೈರಸ್’ ಅದರ ದಾಯಾದಿ, ಅಲ್ಲೂ ಅದಕ್ಕೆ ವಿಷವೆಂದೇ ಅರ್ಥವಿತ್ತು.

ಹಾಲಾಹಲ ಕುಡಿದ ಶಿವ ಕನ್ನಡದಲ್ಲಿ ನಂಜುಂಡ. ಕಪಿಲೆಯ ದಡದ ನಂಜನಗೂಡು ಅವನ ಊರು. ಹಳೇ ಮೈಸೂರಿನ ಮನೆಗಳಲ್ಲಿ ಮಕ್ಕಳಿಗೆ ನಂಜಪ್ಪ, ನಂಜಮ್ಮ ಎಂದು ಅಕ್ಕರೆಯಿಂದ ಹೆಸರಿಟ್ಟರು. ಕೊಲ್ಲುವ ವಸ್ತುವಿನ ಹೆಸರು ಹೀಗೆ ಕಾಯುವವನ ಹೆಸರಾದದ್ದು ನಿಜಕ್ಕೂ ಬೆರಗಿನ ಸಂಗತಿ.

ಹಾವಿನದೂ ನಂಜು, ಕೀವುಗಟ್ಟಿದ ಗಾಯದ್ದೂ ನಂಜು. ಗಾಯವಾದವರಿಗೆ ‘ಬದನೆಕಾಯಿ ನಂಜು, ತಿನ್ನಬೇಡ’ ಎನ್ನುವ ಪಥ್ಯದ ಮಾತೂ ಉಂಟು. ಆ್ಯಂಟಿಸೆಪ್ಟಿಕ್ ‘ನಂಜುನಿರೋಧಕ’ವಾದದ್ದು ಈ ಬಳಕೆಯಿಂದಲೇ. ಗಾಯದೊಳಗಿನ ಸೂಕ್ಷ್ಮಾಣುಗಳು ವಿಷ ಸ್ರವಿಸಬಲ್ಲವು. ಧನುರ್ವಾಯು ಬರುವುದೇ ಅಂಥದ್ದೊಂದರಿಂದ. ಅದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾ ಹುಟ್ಟಿಸುವ ಬೊಟ್ಯುಲಿನಂ ತಿಳಿದಿರುವ ವಿಷಗಳಲ್ಲೆಲ್ಲ ಅತಿ ಘೋರ. ನರದ ಸಂದೇಶ ಸ್ನಾಯುವಿಗೆ ಮುಟ್ಟದಂತೆ ತಡೆಯುವ ಅದರ ಗುಣವನ್ನೇ ವೈದ್ಯರು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಹನಿಯಷ್ಟು ಬಳಸಿದರು; ಅಮೆರಿಕ 1989ರಲ್ಲಿ ಒಪ್ಪಿಗೆ ನೀಡಿತು. ಸುಕ್ಕು ಅಳಿಸುವ ಬೊಟಾಕ್ಸ್ ಬಂದದ್ದು ಆಮೇಲೆ.

ಮನುಷ್ಯ ತಯಾರಿಸಿದ ವಿಷಗಳ ಕಡೆಗೆ ಮಾತ್ರ ಈ ಪದ ಅಷ್ಟಾಗಿ ಸುಳಿದಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯಿಂದ ಸೋರಿ ಸಾವಿರಾರು ಜನರನ್ನು ಕೊಂದ ಮಿಥೈಲ್ ಐಸೋಸಯನೇಟನ್ನು ಕನ್ನಡಿಗರು ಕರೆದದ್ದು ‘ವಿಷಾನಿಲ’ ಎಂದು.