ನೀಲಗಾರರ ತಂಬೂರಿಯಲ್ಲಿ ನಮ್ಮ ಚರಿತ್ರೆ

ನಾನು ಮೈಸೂರಿನ ಅಶೋಕಪುರಂನ ಹುಡುಗ. ತಂಬೂರಿ ಹೆಗಲಿಗೇರಿಸಿದ ನೀಲಗಾರ ಮನೆ ಮುಂದೆ ಬಂದರೆ ಅವ್ವ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯೋಳು. ಕಾಲೇಜು ಸೇರಿದ ಮೇಲೆ ನನಗೆ ನಾಚಿಕೆ ಶುರುವಾಯ್ತು. ‘ಭಿಕ್ಷದೋರ ಪದ ಕಟ್ಕಂಡು ಏನವ್ವಾ’ ಅಂದಿದ್ದೆ. ‘ಅದು ನಮ್ಮಪ್ಪಾಜಿ ಕತೆ ಕಲಾ, ನಿನ್ ಬುಕ್ಕಲ್ಲಿ ಅದಾ?’ ಅಂದಳು.

ಇರಲಿಲ್ಲ. ನನ್ನ ಬುಕ್ಕಿನಲ್ಲಿದ್ದದ್ದು ಶಾಸನ, ತಾಮ್ರಪಟ, ಅರಮನೆಯ ಕಡತ. ಶಾಸನಗಳಲ್ಲಿ ಬಹುಪಾಲು ದಾನದ ದಾಖಲೆಗಳು. ದಾನ ಕೊಡಲು ಭೂಮಿಯಿಲ್ಲದ, ಪಡೆಯಲು ಯೋಗ್ಯತೆಯಿಲ್ಲವೆಂದು ದೂರವಿಟ್ಟ ಜನರ ಹೆಸರನ್ನು ಕಲ್ಲಿನಲ್ಲಿ ಕೊರೆಯುವವರು ಯಾರು? ಅವರ ನೆನಪು ಗಂಟಲಿಂದ ಗಂಟಲಿಗೇ ದಾಟಬೇಕಾಯಿತು.

ಮಂಟೇಸ್ವಾಮಿ ಕಾವ್ಯವನ್ನೇ ನೋಡಿ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಸಮಾನತೆಯ ಪಟ್ಟಣವೆಂದು ನಾವು ಓದಿದೆವು. ನೀಲಗಾರ ಅದೇ ಕಲ್ಯಾಣದ ಹೊಸ್ತಿಲಲ್ಲಿ ನಿಂತು ಬೇರೆ ಕತೆ ಹೇಳುತ್ತಾನೆ. ಕೊಳೆತು ನಾರುವ ಮೈ ಹೊತ್ತು ಬಂದ ಮಂಟೇಸ್ವಾಮಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಅವನ ಗುರುತು ಹಿಡಿಯುವವರು ಬಸವಣ್ಣ, ನೀಲಮ್ಮ. ಕಾವ್ಯ ಬಸವಣ್ಣನನ್ನು ತಳ್ಳಿಹಾಕುವುದಿಲ್ಲ. ಅವನ ಪಂಕ್ತಿಯಲ್ಲಿ ಉಂಡ ವೇಷಧಾರಿ ಜಂಗಮರನ್ನು ಜರಡಿ ಹಿಡಿಯುತ್ತದೆ. ಇದು ಯಾವ ಇಸವಿಯಲ್ಲಿ ನಡೆಯಿತು ಅಂತ ಕೇಳಿದರೆ ಉತ್ತರ ಸಿಕ್ಕದು. ಆದರೆ ದೊಡ್ಡ ಚಳವಳಿಯ ಒಳಗೂ ಬಾಗಿಲಾಚೆ ಉಳಿದವರಿದ್ದರು ಎಂಬ ತೀರ್ಪು ಅಲ್ಲಿ ಉಳಿದಿದೆ.

ಈ ಹಾಡು ಅಳಿಯಲಿಲ್ಲ ಯಾಕೆ? ಅದಕ್ಕೆ ದೀಕ್ಷೆಯಿದೆ, ಭಿಕ್ಷೆಯಿದೆ, ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆಯಿದೆ. ಅಲ್ಲಿನ ಪಂಕ್ತಿಸೇವೆಯಲ್ಲಿ ಬಾಡೂಟ. ಈಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಹೆಸರಲ್ಲಿ ಅದಕ್ಕೆ ತಡೆ ಬಂದಾಗ, ಇದು ಬಲಿಯಲ್ಲ, ಕೂಡಿ ಉಣ್ಣುವ ಪರಂಪರೆ ಅಂತ ಒಕ್ಕಲಿನವರು ವಾದಿಸಿದರು. ಹೆಂಡ, ಬಾಡು ಹೊತ್ತೇ ಕಲ್ಯಾಣಕ್ಕೆ ಬಂದ ಗುರುವಿನ ಕತೆ ಅವರ ಬೆನ್ನಿಗಿತ್ತು. ನೆನಪು ಕೆಲಸ ಮಾಡೋದು ಹೀಗೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ. ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಈ ಮಹಾಕಾವ್ಯವನ್ನು ಅಚ್ಚು ಮಾಡಿತು. ನಮ್ಮ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಎರಡೂ ಬೇಕು. ಆದರೆ ಹಾಡುವವನ ಹೊಟ್ಟೆ ತುಂಬದಿದ್ದರೆ ಪುಸ್ತಕ ಕಪಾಟಿನಲ್ಲಿರುತ್ತದೆ, ತಂಬೂರಿ ಗಾಜಿನೊಳಗಿರುತ್ತದೆ.

ಅವ್ವ ಈಗಿಲ್ಲ. ಅವಳ ಒಂದು ಮೊರ ರಾಗಿ ನಮ್ಮ ಚರಿತ್ರೆಯ ಖರ್ಚು ತೂಗಿಸಿತ್ತು ಅಂತ ನನಗೆ ತಡವಾಗಿ ಗೊತ್ತಾಯ್ತು. ಚರಿತ್ರೆ ಬೇಕು ಅಂತ ಭಾಷಣ ಮಾಡುವ ನಾವು ಆ ಜೋಳಿಗೆಗೆ ಏನು ಹಾಕುತ್ತಿದ್ದೇವೆ?