ಬಾನುಲಿಯಿಂದ ಬೆಳ್ಳಿತೆರೆಯಾಚೆಗೆ: ನಟಿ ಲೂಸಿಲ್ ಬಾಲ್

ಬಾನುಲಿ ನಾಟಕದಲ್ಲಿ ನಟಿಗೆ ದನಿಯೊಂದೇ ಬಂಡವಾಳವೆಂದೂ, ಮುಖದ ಅಭಿನಯಕ್ಕೆ ಅಲ್ಲಿ ಕೆಲಸವಿಲ್ಲವೆಂದೂ ನೀವು ತಿಳಿದಿರಬಹುದು. ಆದರೆ ನಗಿಸುವುದಕ್ಕೆಂದೇ ಹುಟ್ಟಿದ ಮುಖವೊಂದು ತನ್ನ ನೆಲೆಯನ್ನು ಕಂಡುಕೊಂಡುದು ಬಾನುಲಿಯಲ್ಲಿಯೇ. ಅಮೆರಿಕದ ನಟಿ ಲೂಸಿಲ್ ಬಾಲ್ ಅವರ ಕಥೆ ಇದು.

ಆಕೆ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನಿನಲ್ಲಿ. ಟೆಲಿಫೋನ್ ತಂತಿಯ ಕೆಲಸದಲ್ಲಿದ್ದ ತಂದೆ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಹದಿಹರೆಯದಲ್ಲಿ ನಾಟಕಶಾಲೆಗೆ ಸೇರಿದರೆ, ಈ ಹುಡುಗಿಗೆ ಅಭಿನಯ ಹತ್ತದೆಂದು ಅಲ್ಲಿಂದ ಮನೆಗೆ ಕಳುಹಿಸಿದರು. 1933ರಲ್ಲಿ ಹಾಲಿವುಡ್ ಸೇರಿದ ಮೇಲೂ ಹದಿನೈದು ವರ್ಷ ಹತ್ತಾರು ಚಿತ್ರಗಳಲ್ಲಿ ಮುಖ ತೋರಿಸಿದ್ದಾಯಿತೇ ಹೊರತು ಅಗ್ರತಾರೆಯರ ಸಾಲು ದೊರಕಲಿಲ್ಲ.

1948ರಲ್ಲಿ ಸಿ.ಬಿ.ಎಸ್. ಬಾನುಲಿ ಸಂಸ್ಥೆಯ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಹಾಸ್ಯಮಾಲೆಯಲ್ಲಿ ಗೃಹಿಣಿಯ ಪಾತ್ರ ಒದಗಿತು. ಈ ಪ್ರಹಸನಗಳು ಸಭಿಕರ ಎದುರಿನಲ್ಲಿ ನಡೆಯುತ್ತಿದ್ದವು. ಧ್ವನಿಗ್ರಾಹಕದ ಮುಂದೆ ನಿಂತು ಓದುವಾಗಲೂ ಲೂಸಿಲ್ ಕಣ್ಣು, ಹುಬ್ಬು, ಕೈಕಾಲುಗಳಿಂದ ಅಭಿನಯಿಸಿಬಿಡುತ್ತಿದ್ದರು. ಸಭೆ ನಕ್ಕರೆ ಆಕೆಯ ಮಾತಿಗೆ ಕಳೆ ಏರುತ್ತಿತ್ತು.

ಇದನ್ನೇ ಟೆಲಿವಿಷನ್ನಿಗೆ ತರಬೇಕೆಂದು ಸಂಸ್ಥೆ ಬಯಸಿತು. ಪತಿಯ ಪಾತ್ರಕ್ಕೆ ತಮ್ಮ ಪತಿಯೇ ಆಗಬೇಕೆಂದು ಆಕೆ ಪಟ್ಟು ಹಿಡಿದರು. ವಾದ್ಯವೃಂದದ ನಾಯಕ ಡೆಸಿ ಆರ್ನಾಜ್ ಕ್ಯೂಬಾದವರು. ಇಂಥ ದಾಂಪತ್ಯವನ್ನು ಪ್ರೇಕ್ಷಕರು ಒಪ್ಪರೆಂದು ಅಧಿಕಾರಿಗಳು ಹಿಂಜರಿದರು. ದಂಪತಿಗಳು ವಾದಕ್ಕೆ ನಿಲ್ಲದೆ, 1950ರಲ್ಲಿ ಊರೂರಿನ ರಂಗಭೂಮಿಯಲ್ಲಿ ಜೊತೆಯಾಗಿ ಆಡಿ ತೋರಿಸಿದರು. ಜನ ಒಪ್ಪಿದರು.

ಇನ್ನೊಂದು ತೊಡಕು ಉಳಿದಿತ್ತು. ಆಗ ಮುಖ್ಯ ಕಾರ್ಯಕ್ರಮಗಳನ್ನು ನ್ಯೂಯಾರ್ಕಿನಿಂದ ನೇರವಾಗಿ ಬಿತ್ತರಿಸುವುದೇ ವಾಡಿಕೆ. ದೂರದ ನಿಲಯಗಳಿಗೆ, ಟೆಲಿವಿಷನ್ ತೆರೆಯನ್ನೇ ಕ್ಯಾಮೆರಾದಿಂದ ಹಿಡಿದ ಮಸುಕು ಪ್ರತಿ ಹೋಗುತ್ತಿತ್ತು. ಹಾಲಿವುಡ್ ಬಿಡಲೊಲ್ಲದ ದಂಪತಿಗಳು ಚಲಚ್ಚಿತ್ರದ ಫಿಲ್ಮಿನಲ್ಲೇ ಚಿತ್ರಿಸುವುದಾಗಿ ಹೇಳಿದರು. ಖರ್ಚು ಹೆಚ್ಚೆಂಬ ಆಕ್ಷೇಪ ಬಂತು. ವಾರಕ್ಕೆ ಸಾವಿರ ಡಾಲರ್ ಸಂಭಾವನೆಯನ್ನು ಬಿಟ್ಟುಕೊಟ್ಟು, ಬದಲಿಗೆ ಆ ಫಿಲ್ಮುಗಳ ಒಡೆತನವನ್ನು ಕೇಳಿ ಪಡೆದರು. ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಅವರು ಸಭಿಕರ ಎದುರಿನಲ್ಲಿಯೇ ಏಕಕಾಲಕ್ಕೆ ಮೂರು ಕ್ಯಾಮೆರಾಗಳಿಂದ ಚಿತ್ರಿಸಲು ತಕ್ಕ ಬೆಳಕಿನ ವ್ಯವಸ್ಥೆಯನ್ನು ರೂಪಿಸಿದರು.

‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಆರಂಭವಾಯಿತು. ಮರುವರ್ಷ ಆಕೆ ಗರ್ಭಿಣಿಯಾದರು. ಅದನ್ನು ಮರೆಮಾಚದೆ ಕಥೆಯೊಳಗೇ ತಂದರು. ಆದರೆ ‘ಬಸಿರಿ’ ಎಂಬರ್ಥದ ನೇರ ಪದವನ್ನು ಆಡುವಂತಿರಲಿಲ್ಲ! 1953ರ ಜನವರಿ 19ರಂದು ಆಕೆಗೆ ಗಂಡುಮಗು ಹುಟ್ಟಿತು. ಅದೇ ಇರುಳು ಕಥೆಯ ಲೂಸಿಗೂ ಹುಟ್ಟಿತು. ಅದನ್ನು ನೋಡಿದವರು ಸುಮಾರು 4 ಕೋಟಿ 40 ಲಕ್ಷ ಜನ. ಮರುದಿನ ಅಧ್ಯಕ್ಷ ಐಸೆನ್‌ಹೋವರರ ಪದಗ್ರಹಣವನ್ನು ನೋಡಿದವರು ಸುಮಾರು 2 ಕೋಟಿ 90 ಲಕ್ಷ.

ಅದೇ ಸೆಪ್ಟೆಂಬರಿನಲ್ಲಿ ಎಲ್ಲವೂ ಕೈತಪ್ಪುವ ಸಂದರ್ಭ ಬಂತು. 1936ರಲ್ಲಿ ಆಕೆ ಕಮ್ಯೂನಿಸ್ಟ್ ಪಕ್ಷದ ಹೆಸರಿನಲ್ಲಿ ಮತದಾರಳಾಗಿ ನೋಂದಾಯಿಸಿಕೊಂಡಿದ್ದುದು ಬಯಲಾಯಿತು. ಅಂಥ ಶಂಕೆಯಿಂದಲೇ ಎಷ್ಟೋ ಕಲಾವಿದರು ಅನ್ನ ಕಳೆದುಕೊಂಡಿದ್ದ ಕಾಲವದು. ಅಜ್ಜನ ಮನಸ್ಸು ನೋಯದಿರಲೆಂದು ಹಾಗೆ ಮಾಡಿದೆನೆಂದು ಆಕೆ ವಿಚಾರಣಾ ಸಮಿತಿಗೆ ತಿಳಿಸಿದರು. ಪ್ರೇಕ್ಷಕರು ಕೈಬಿಡಲಿಲ್ಲ.

1957ರಲ್ಲಿ, ಹಿಂದೆ ತಾವು ಸಂಬಳಕ್ಕೆ ದುಡಿದಿದ್ದ ಆರ್.ಕೆ.ಓ. ಸ್ಟುಡಿಯೋವನ್ನೇ ದಂಪತಿಗಳ ‘ಡೆಸಿಲೂ’ ಸಂಸ್ಥೆ ಕೊಂಡಿತು. 1960ರಲ್ಲಿ ಅವರ ದಾಂಪತ್ಯ ಮುರಿಯಿತು. 1962ರಲ್ಲಿ ಪತಿಯ ಪಾಲನ್ನೂ ಕೊಂಡು ಆಕೆಯೇ ಸಂಸ್ಥೆಯ ಅಧ್ಯಕ್ಷೆಯಾದರು. ‘ಸ್ಟಾರ್ ಟ್ರೆಕ್’ ಮೊದಲಾಗಿ ಹೊರಬಂದುದು ಅಲ್ಲಿಂದಲೇ. 1967ರಲ್ಲಿ ಸಂಸ್ಥೆಯನ್ನು ಮಾರಿದರು. 1989ರ ಏಪ್ರಿಲ್ 26ರಂದು ತೀರಿಕೊಂಡರು.

ಆ ಕಾಲದ ಎಷ್ಟೋ ನೇರ ಪ್ರಸಾರಗಳು ಗಾಳಿಯಲ್ಲಿ ಕರಗಿಹೋದವು. ಲೂಸಿಲ್ ಅವರ ನಗೆ ಇಂದಿಗೂ ಉಳಿದಿರುವುದು, ಆ ದಂಪತಿಗಳು ಅಂದು ಬಿಟ್ಟುಕೊಟ್ಟ ವಾರಕ್ಕೆ ಸಾವಿರ ಡಾಲರಿನಿಂದ.